ಅನುವಾದ ಮಾಡಿದ ಕವಿತೆ ಲೆಕ್ಕಕ್ಕಿಲ್ವಾ?

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಕಡೆ ಒಂದು ಕಾಲೇಜಲ್ಲಿ ಕವಿತೆ ಸ್ಪರ್ಧೆ ಇತ್ತು. ನನ್ನ ಅಕ್ಕನ ಮಗಳು ಇಂಗ್ಲಿಷ್ ಕವಿ ಅಲೆಗ್ಸಾಂಡರ್ ಪೋಪ್‌ನ ಒಂದು ಚಿಕ್ಕ ಪದ್ಯಾನ ಕನ್ನಡಕ್ಕೆ ತಂದು ಓದಿದ್ಳು, ಮೂಲ ಯಾರದ್ದು ಅಂತ ಮೊದಲೇ ಹೇಳಿದ್ಳು ಕೂಡ. "ಇದು ಸ್ವಂತದ್ದಲ್ಲಮ್ಮ, ಲೆಕ್ಕಕ್ಕಿಲ್ಲ" ಅಂತ ತೀರ್ಪುಗಾರರು ಹಾಳೆ ವಾಪಸ್ ಕೊಟ್ರು. ಹುಡುಗಿ ಮನೆಗೆ ಬಂದು ಊಟ ಮಾಡ್ಲಿಲ್ಲ. ನಂಗೂ ತುಂಬಾ ಬೇಜಾರಾಯ್ತು, ಅದಕ್ಕೇ ಈ ಪತ್ರ.

ಅಪ್ಪನಿಂದ ಬಂದ ಸ್ವಲ್ಪ ಜಮೀನಲ್ಲೇ ತೃಪ್ತಿಯಾಗಿರೋ ಮನುಷ್ಯನ ಪದ್ಯ ಅದು. ಹಾಲಿಗೆ ದನ, ಊಟಕ್ಕೆ ಹೊಲ, ಬಟ್ಟೆಗೆ ಕುರಿ, ಬೇಸಿಗೆಗೆ ಮರದ ನೆರಳು, ಚಳಿಗೆ ಅದೇ ಮರದ ಬೆಂಕಿ. 1700ರ ಹೊತ್ತಿಗೆ, 12ರ ವಯಸ್ಸಲ್ಲಿ ಬರೆದೆ ಅಂತ ಪೋಪ್ ತಾನೇ ಹೇಳ್ಕೊಂಡಿದಾನೆ. ಆದ್ರೆ ಅದರ ಬೇರು ಇರೋದು ರೋಮಿನ ಹೊರೇಸ್ ಕವೀಲಿ. ಹೊರೇಸ್‌ನಲ್ಲಿ ಹಳ್ಳಿ ಬದುಕನ್ನ ಹೊಗಳೋನು ಒಬ್ಬ ಬಡ್ಡಿ ಸಾಹುಕಾರ, ಅಷ್ಟೆಲ್ಲ ಹೊಗಳಿ ಕೊನೇಲಿ ಮತ್ತೆ ಸಾಲ ಕೊಡೋ ದಂಧೆಗೇ ಹೋಗ್ತಾನೆ. ಪೋಪ್ ಆ ಸಾಹುಕಾರನ್ನೇ ಕೈಬಿಟ್ಟ, ಬೇಕಾದ್ದು ಮಾತ್ರ ತಗೊಂಡ. ನಮ್ಮ ಹುಡುಗಿ ಮಾಡಿದ್ದೂ ಅದನ್ನೇ ಅಲ್ವಾ, ಕುರಿ ಬಿಟ್ಟು ಕಂಬಳಿ ಇಟ್ಳು, ಹೊಲ ಹೋಗಿ ಗದ್ದೆ ಬಂತು, ನೆರಳು ಕಾಫಿ ತೋಟದ್ದಾಯ್ತು, ಬೆಂಕಿ ಆಷಾಢದ ಹೊತ್ತಿನ ಕಕ್ಕಡ ತಿಂಗಳ ಮಳೇಲಿ ಒಲೆ ಮುಂದೆ ಕೂತು ಕಾಯಿಸ್ಕೊಳೋ ಬೆಂಕಿ ಆಯ್ತು. ಆ ಸಾಲು ಕೇಳಿ ನಮ್ಮಮ್ಮ ಇನ್ನೊಂದ್ಸಲ ಓದು ಮಗಾ ಅಂದ್ರು.

ಇಂಗ್ಲಿಷ್‌ನವರು ಅನುವಾದಾನ ಕೀಳಾಗಿ ನೋಡಿದ್ರೆ ಅವರ ಕಾವ್ಯಾನೇ ಬೇರೆ ಥರ ಇರ್ತಿತ್ತು. ಸರ್ರೆ ಅನ್ನೋ ಸರದಾರ ರೋಮಿನ ಕವಿ ವರ್ಜಿಲ್‌ನ ಈನೀಡ್ ಕಾವ್ಯದ 2 ಮತ್ತು 4ನೇ ಭಾಗಾನ ಇಂಗ್ಲಿಷಿಗೆ ತರುವಾಗ, ಮೂಲದಲ್ಲಿ ಅಂತ್ಯಪ್ರಾಸ ಇಲ್ಲ ಅಂತ ತಾನೂ ಪ್ರಾಸ ಬಿಟ್ಟು ಬರೆದ. 1547ರಲ್ಲಿ ರಾಜ ಅವನ ತಲೆ ತೆಗೆಸಿದ, ಎರಡೂ ಭಾಗ 1557ರಲ್ಲಿ ಅಚ್ಚಾಯ್ತು. ಮುಂದೆ ಮಾರ್ಲೋ, ಶೇಕ್ಸ್‌ಪಿಯರ್, ಮಿಲ್ಟನ್ ಎಲ್ಲಾ ಬರೆದ ಬ್ಲಾಂಕ್ ವರ್ಸ್, ಅಂದ್ರೆ ಅಂತ್ಯಪ್ರಾಸ ಇಲ್ಲದ ಪದ್ಯ, ಶುರುವಾಗಿದ್ದೇ ಅಲ್ಲಿ, ಒಂದು ಅನುವಾದದಲ್ಲಿ! ಆರ್ಥರ್ ಗೋಲ್ಡಿಂಗ್ 1567ರಲ್ಲಿ ರೋಮಿನ ಇನ್ನೊಬ್ಬ ಕವಿ ಓವಿಡ್‌ನ ಪೂರ್ತಿ ಮೆಟಮಾರ್ಫೋಸಿಸ್ ಕಾವ್ಯಾನ ಇಂಗ್ಲಿಷಿಗೆ ಉದ್ದುದ್ದ ಸಾಲುಗಳಲ್ಲಿ ತಂದ, ಅದರಲ್ಲಿ ಮೆಡಿಯಾ ಅನ್ನೋ ಮಾಟಗಾತಿ ಹೇಳೋ ಮಂತ್ರದ ಮಾತು ಶೇಕ್ಸ್‌ಪಿಯರ್‌ನ ಟೆಂಪೆಸ್ಟ್‌ನಲ್ಲಿ ಮಂತ್ರವಾದಿ ಪ್ರಾಸ್ಪೆರೋ ಬಾಯಿಗೆ ಬಂತು, ಅದೇ ಟೆಂಪೆಸ್ಟ್ ಕುವೆಂಪು ಕೈಲಿ ಬಿರುಗಾಳಿ ಅನ್ನೋ ಕನ್ನಡ ನಾಟಕ ಆಯ್ತು. ಇದ್ರಲ್ಲಿ ಯಾರ ಹಾಳೆ ವಾಪಸ್ ಕೊಡ್ತೀರಿ?

ನಮ್ಮಲ್ಲಿ ಬಿ.ಎಂ.ಶ್ರೀ ಇಂಗ್ಲಿಷ್ ಗೀತಗಳು ತರದೇ ಇದ್ದಿದ್ರೆ ಹೊಸಗನ್ನಡ ಕವಿತೆಗೆ ಆ ದಾರಿ ಎಲ್ಲಿತ್ತು. ಅಷ್ಟು ದೂರ ಯಾಕೆ, ನಮ್ಮ ಕೊಡಗಿನ ಹರದಾಸ ಅಪ್ಪಚ್ಚ ಕವಿಗಳು ಮಹಾಭಾರತದ ಯಯಾತಿ ಕಥೇನ ಕೊಡವ ತಕ್ಕ್‌ಗೆ, ಅಂದ್ರೆ ಕೊಡವ ಭಾಷೆಗೆ, ತಂದು ನಾಟಕ ಮಾಡಿದ್ರು, ಅದೂ 1906ರಷ್ಟು ಹಿಂದೆ.

ಸ್ಪರ್ಧೆ ನಡೆಸೋರು ಅನುವಾದಕ್ಕೆ ಬೇರೆ ವಿಭಾಗ ಇಡ್ಲಿ, ಬಹುಮಾನ ಸಣ್ಣದಾದ್ರೂ ಪರ್ವಾಗಿಲ್ಲ. ನಿಮ್ಮ ಭಾನುವಾರದ ಪುರವಣೀಲಿ ತಿಂಗಳಿಗೊಂದ್ಸಲ ಕಾಲು ಪುಟ ಈ ಮಕ್ಕಳಿಗೆ ಕೊಡಿ ಸಾರ್, ಮೂಲ ಕವಿಯ ಹೆಸರು ಮೇಲೆ, ತಂದೋರ ಹೆಸರು ಕೆಳಗೆ. ನಮ್ಮ ಹುಡುಗಿ ಪದ್ಯಾನ ಈ ಪತ್ರದ ಜೊತೆ ಕಳಿಸ್ತಿದೀನಿ.

ಇಂತಿ,
ಒಬ್ಬ ಓದುಗ, ನಾಪೋಕ್ಲು