ಚಿನ್ನು ಸುಳ್ಳು ಹೇಳಿಲ್ಲ ಅಕ್ಕಾ

ಸ್ಟುಟ್‌ಗಾರ್ಟ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮ, ಭಾವ, ಚಿನ್ನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಪತ್ರ ಗುರುವಾರ ಬಂತು. ಮೂರು ಸಲ ಓದಿದೆ. ಚಿನ್ನುವಿಗೆ ಗಣಿತದಲ್ಲಿ ಅಂಕ ಇಳಿದದ್ದು, ತರಗತಿಯಲ್ಲಿ ನಿದ್ದೆ ಮಾಡಿದನೆಂದು ಶಾಲೆಯಿಂದ ಕರೆ ಬಂದದ್ದು ಎಲ್ಲ ತಿಳಿಯಿತು. ಆದರೆ ವೈಫೈ ಕೆಡಿಸಿದನೆಂದು ಭಾವ ಅವನ ಮೇಲೆ ಕೈ ಮಾಡಿದರು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಆ ರಾತ್ರಿ ಊಟ ಸೇರಲಿಲ್ಲ.

ಅಕ್ಕಾ, ಆ ವಿಷಯದಲ್ಲಿ ಹುಡುಗನ ತಪ್ಪಿಲ್ಲ. ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಐದೂವರೆಯವರೆಗೆ ವೈಫೈ ನಿಲ್ಲುವಂತೆ ನೀನು ರೂಟರಿನಲ್ಲಿ ಸಮಯ ಹಾಕಿದ್ದೆ, ಚಿನ್ನು ಅದನ್ನು ಕೆಡಿಸಿದ ಎಂದಿದ್ದೀಯ. ಅದೇ ಪತ್ರದ ಕೊನೆಯಲ್ಲಿ, ಬೆಳಿಗ್ಗೆ ಐದಕ್ಕೆ ಅಮ್ಮನ ಮೊಬೈಲಿನಲ್ಲಿ ಸುಪ್ರಭಾತ ಬರಲಿಲ್ಲ, ಹನ್ನೊಂದರವರೆಗೂ ಭಾವನವರ ಕಚೇರಿ ಕೆಲಸ ನಿಂತಿತ್ತು ಎಂದೂ ಇದೆ. ಆ ಹನ್ನೊಂದು ಗಂಟೆ ಕಂಡ ಕೂಡಲೇ ಹೊಳೆಯಿತು. ರೂಟರಿನ ಗಡಿಯಾರ ಗ್ರೀನಿಚ್ ಸಮಯದಲ್ಲಿದೆ. ನಾವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅದರ ರಾತ್ರಿ ಹತ್ತೂವರೆ ಎಂದರೆ ಹನುಮಂತನಗರದಲ್ಲಿ ಬೆಳಗಿನ ಜಾವ ನಾಲ್ಕು, ಅದರ ಐದೂವರೆ ಎಂದರೆ ನಮಗೆ ಹನ್ನೊಂದು. ‘ನಾನು ಮುಟ್ಟಿಲ್ಲ’ ಎಂದು ಅವನು ಅತ್ತದ್ದು ನಿಜವೇ. ಇದನ್ನು ಭಾವನವರಿಗೆ ಓದಿ ಹೇಳು. ಚಿನ್ನುವಿನ ಎದುರಿಗೇ ಓದು.

ಹಾಗೆಂದು ಅವನು ನಿದ್ದೆಗೆಡುತ್ತಿರುವುದು ಸುಳ್ಳಲ್ಲ. ಇಲ್ಲಿ ಒಂಬತ್ತಕ್ಕೆ ನಾನು ತಟ್ಟೆ ತೊಳೆದು ಮೊಬೈಲ್ ತೆಗೆದರೆ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ. ಆಗ ಅಲ್ಲಿ ಒಂದೂವರೆ. ‘ಮಲಗು ಪುಟ್ಟಾ’ ಎಂದು ಬರೆದರೆ ಚುಕ್ಕೆ ಆರುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ. ನಿನಗೆ ಆಗಲೇ ತಿಳಿಸಬೇಕಿತ್ತು. ಅದು ನನ್ನ ತಪ್ಪು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ರೂಟರಿಗೆ ಅಂಟಿಸಿರುವ ಚೀಟಿಯಲ್ಲಿ ವಿಳಾಸವಿದೆ, ಬಹುಶಃ 192.168.1.1. ಅದನ್ನು ಬ್ರೌಸರಿನಲ್ಲಿ ತೆರೆದು ಮೊದಲು ಗಡಿಯಾರವನ್ನು ಭಾರತದ ಸಮಯಕ್ಕೆ ತಾ. ಆಮೇಲೆ ಒಳಹೋಗುವ ಪಾಸ್‌ವರ್ಡ್ ಬದಲಿಸು, ಚೀಟಿಯನ್ನು ಅವನೂ ಓದಬಲ್ಲ. ಮನೆಗೆಲ್ಲ ಬೀಗ ಹಾಕಬೇಡ, ಅವನ ಫೋನು ಮತ್ತು ಲ್ಯಾಪ್‌ಟಾಪಿಗೆ ಮಾತ್ರ ಹಾಕು. ಈಗಿನ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ, ಅಂದರೆ ರೂಟರ್ ಫೋನನ್ನು ಗುರುತಿಸುವ ಸಂಖ್ಯೆ, ಕೊಡದೆ ಬೇರೊಂದು ತೋರಿಸುತ್ತವೆ. ಅವನ ಫೋನಿನಲ್ಲಿ ನಮ್ಮ ಮನೆಯ ವೈಫೈಗೆ ಅದನ್ನು ನಿಲ್ಲಿಸದಿದ್ದರೆ ಬೀಗ ತಪ್ಪಿಹೋದೀತು. ಇನ್ನು ಸಿಮ್ಮಿನ ಡೇಟಾ ಈ ಬೀಗಕ್ಕೆ ಸಿಗುವುದೇ ಇಲ್ಲ. ಅದಕ್ಕೆ ಹತ್ತೂವರೆಗೆ ಎಲ್ಲರ ಫೋನೂ ಅಮ್ಮನ ಕೋಣೆಯ ಮೇಜಿನ ಮೇಲಿರಲಿ. ಎಲ್ಲರದೂ ಅಕ್ಕಾ, ಭಾವನವರದೂ.

ಇಲ್ಲಿ ಬಹಳ ಮನೆಗಳಲ್ಲಿ ಫ್ರಿಟ್ಜ್‌ಬಾಕ್ಸ್ ಎಂಬ ರೂಟರ್ ಇರುತ್ತದೆ. ಅದರಿಂದ ಟಿಕೆಟ್ ಮುದ್ರಿಸಿ ಮಕ್ಕಳಿಗೆ ಕೊಡಬಹುದು, ಒಂದಕ್ಕೆ 45 ನಿಮಿಷ ಹೆಚ್ಚು ಇಂಟರ್ನೆಟ್. ಕೆಳಗಿನ ಮನೆಯವರ ಮಗಳು ಅವನ್ನು ಮಡಚಿ ಪೆನ್ಸಿಲ್ ಡಬ್ಬಿಯಲ್ಲಿ ಕೂಡಿಡುತ್ತಾಳೆ, ಶನಿವಾರಕ್ಕೆಂದು! ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಗದ್ದಲ ಮಾಡುವಂತಿಲ್ಲ, ಭಾನುವಾರ ಹಗಲೂ ಅಷ್ಟೇ. ಚಟ್ನಿಗೆ ಮಿಕ್ಸಿ ಹಾಕಲೂ ಹಿಂಜರಿಯುತ್ತೇನೆ. ಭಾವ ನಗಬಹುದು, ಆದರೆ ಪರರ ನಿದ್ದೆಗೆ ಇಷ್ಟು ಬೆಲೆ ಕೊಡುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೀನು ಧೈರ್ಯವಾಗಿರು. ಅವನಿಗೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಮಾರ್ಚ್‌ಗೆ ಇನ್ನೂ ಸಮಯವಿದೆ, ಗಣಿತ ನಾನು ಹೇಳಿಕೊಡುತ್ತೇನೆ. ಶನಿವಾರ ಅಲ್ಲಿಯ ಸಂಜೆ ಏಳಕ್ಕೆ ಕರೆ ಮಾಡುತ್ತೇನೆ, ಅವನನ್ನೇ ಜೊತೆಗೆ ಕೂರಿಸಿಕೊಂಡು ಸಮಯ ಸರಿಪಡಿಸೋಣ. ಅಮ್ಮನಿಗೆ ಬಿ.ಪಿ. ಮಾತ್ರೆ ತಪ್ಪಿಸಬೇಡ.

ಬೆಳಿಗ್ಗೆ ಆರೂವರೆಗೆ ರೈಲು ಹಿಡಿಯಬೇಕು, ನಿಲ್ಲಿಸುತ್ತೇನೆ. ಪರಿಷೆಯ ಕಡಲೆಕಾಯಿ ನನಗೂ ಸ್ವಲ್ಪ ತೆಗೆದಿಡು.

ನಿನ್ನ ತಮ್ಮ,
ರವಿ