ಕೆಟ್ಟರೂ ತೊಳೆದು ಮತ್ತೆ ಹಚ್ಚಬಹುದು

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಮ್ಮನ ಫೋನಿನಲ್ಲೇ ತಲುಪಿರುತ್ತದೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತಿತ್ತು. ದುಡ್ಡು ಕೂಡಿಸಿ ತಂದ ಮಿನಿಯೇಚರ್‌ಗಳು, ಅಂದರೆ ಆ ಪುಟ್ಟ ಸಿಪಾಯಿ ಗೊಂಬೆಗಳು, ಬಣ್ಣ ಹಚ್ಚಲು ಹೋಗಿ ಹಾಳು ಮಾಡಿಬಿಟ್ಟರೆ ಎಂಬ ಹೆದರಿಕೆಗೆ ಡಬ್ಬಿಯನ್ನೇ ತೆರೆದಿಲ್ಲ ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹಾಳಾಗುವುದಿಲ್ಲ ಮಗಾ. ನೀನು ಹಚ್ಚಲಿರುವುದು ಆಕ್ರಿಲಿಕ್ ಬಣ್ಣ. ಒಣಗಿದ ಮೇಲೂ ಅದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಿಟ್ಟುಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದೋ ಲೋಹದ್ದೋ ಆದರೆ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿಟ್ಟು, ಒಂದೆರಡು ಗಂಟೆ ಬಿಟ್ಟು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜು. ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಸಂದಿಯಲ್ಲಿ ಉಳಿದದ್ದನ್ನು ಹಲ್ಲುಕಡ್ಡಿಯಿಂದ ತೆಗೆ. ಕೈಗವಸು ಹಾಕಿಕೊ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ರೆಸಿನ್ನಿನ ಗೊಂಬೆಯಾದರೆ ಇಷ್ಟು ಹೊತ್ತು ನೆನೆಸಬೇಡ, ಕೆಲವು ರೆಸಿನ್ ಮೆತ್ತಗಾಗುತ್ತದೆ. ಕೆಲವೇ ನಿಮಿಷ ಇಟ್ಟು ತೆಗೆದು ನೋಡು. ನಿಜವಾಗಿ ಗೊಂಬೆಯನ್ನು ಕೊಲ್ಲುವುದು ಅಸಿಟೋನ್, ಅಂದರೆ ಸಾಮಾನ್ಯ ನೇಲ್ ಪಾಲಿಶ್ ರಿಮೂವರ್. ಗಟ್ಟಿ ಪ್ಲಾಸ್ಟಿಕ್ ಎಂದರೆ ಸಾಮಾನ್ಯವಾಗಿ ಪಾಲಿಸ್ಟೈರೀನ್. ಅಸಿಟೋನ್ ಅದನ್ನು ಕರಗಿಸಿಬಿಡುತ್ತದೆ. ಅದೊಂದನ್ನು ದೂರವಿಡು.

ಅಷ್ಟು ದೂರ ಹೋಗುವ ಪ್ರಸಂಗವೂ ಅಪರೂಪ. ಪಕ್ಕಕ್ಕೆ ಬಣ್ಣ ತಾಗಿತೋ, ಹಸಿಯಿರುವಾಗಲೇ ಶುದ್ಧವಾದ ಒದ್ದೆ ಬ್ರಷ್‌ನಿಂದ ಎಳೆದುಕೊ. ಒಣಗಿಬಿಟ್ಟಿದ್ದರೆ ಅಲ್ಲಿ ಇರಬೇಕಾದ ಬಣ್ಣವನ್ನೇ ಮೇಲೆ ಹಚ್ಚು. ಚೆನ್ನಾಗಿ ಹಚ್ಚುವವರ ಕೆಲಸದಲ್ಲಿ ಅರ್ಧ ಇದೇ, ಹೀಗೆ ತಿದ್ದುವುದು.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಹೊಸಬರ ಗೊಂಬೆ ಕೆಟ್ಟಂತೆ ಕಾಣುವುದು ಹೆಚ್ಚಾಗಿ ಕೈ ನಡುಗಿದ್ದಕ್ಕಲ್ಲ, ಬಣ್ಣ ದಪ್ಪವಾದದ್ದಕ್ಕೆ. ಡಬ್ಬಿಯಿಂದ ನೇರ ತೆಗೆದು ಮೆತ್ತಿದರೆ ಮುಖದ ಗೆರೆ, ಬಟ್ಟೆಯ ನೆರಿಗೆ ಎಲ್ಲ ಮುಚ್ಚಿಹೋಗುತ್ತವೆ. ನೀರು ಬೆರೆಸಿ ಹಾಲಿನಷ್ಟು ತೆಳುವಾಗಿಸಿಕೊ. ಮೊದಲ ಸಲ ಹಚ್ಚಿದಾಗ ಕೆಳಗಿನದು ಕಾಣುತ್ತದೆ, ಗಾಬರಿಯಾಗಬೇಡ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ ಹಚ್ಚು. ಹಳದಿ, ಕೆಂಪಿಗೆ ಮೂರನೆಯ ಸಲವೂ ಬೇಕಾದೀತು. ಅರೆ ಒಣಗಿದ ಬಣ್ಣದ ಮೇಲೆ ಬ್ರಷ್ ಆಡಿಸಿದರೆ ಕೆಳಗಿನ ಪದರ ಕಿತ್ತು ತರಿತರಿಯಾಗುತ್ತದೆ.

ನಿನ್ನ ವಯಸ್ಸಿನಲ್ಲಿ ಈ ಭಯ ನನಗೂ ಇತ್ತು, ತೊಳೆದು ಮತ್ತೆ ಹಚ್ಚಬಹುದೆಂದು ಹೇಳುವವರು ಯಾರೂ ಇರಲಿಲ್ಲ. ಆಸೆಪಟ್ಟು ತಂದವು ಬೂದುಬಣ್ಣದಲ್ಲೇ ಉಳಿದವು. ಆ ಕೊರಗು ಇನ್ನೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊಳ್ಳುವ ಪಟ್ಟಿ ನೀನು ಕೇಳಿಲ್ಲ. ಆದರೂ ಕೈ ಬಿಗಿಯಿದೆ ಎಂದೆಯಲ್ಲ, ಅದಕ್ಕೆ ಒಂದೆರಡು ಮಾತು. ದೊಡ್ಡ ಸೆಟ್ ಬೇಡ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ, ಕಂದು, ಒಂದು ಬೆಳ್ಳಿ ಬಣ್ಣ, ನೆರಳಿಗೆಂದು ಸಂದಿಗೆ ಇಳಿಸುವ ನೀರುನೀರಾದ ಬಣ್ಣ, ಅಂದರೆ ವಾಶ್, ಗಾಢ ಕಂದಿನದು ಒಂದು, ಇಷ್ಟು ಸಾಕು. ಬ್ರಷ್ ಒಂದನೆಯ ಅಥವಾ ಎರಡನೆಯ ನಂಬರಿನ ರೌಂಡ್, ತುದಿ ಚೂಪಾಗಿ ಕೂಡುವಂಥದ್ದು. ಮೂರು ಸೊನ್ನೆಯ ಸಣ್ಣ ಬ್ರಷ್‌ಗೆ ಮನಸೋಲಬೇಡ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಗೆ ತಲುಪುವ ಮೊದಲೇ ತುದಿಯಲ್ಲಿ ಒಣಗುತ್ತದೆ. ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಏರಲು ಬಿಡಬೇಡ. ತಗಡಿನ ಪಟ್ಟಿಯೊಳಗೆ ಒಣಗಿತೆಂದರೆ ತುದಿ ಸೀಳಿಕೊಳ್ಳುತ್ತದೆ, ಆಗ ಹೊಸದು ಕೊಳ್ಳಬೇಕಾಗುತ್ತದೆ. ಬಣ್ಣ ಒಣಗದಂತೆ ಇಟ್ಟುಕೊಳ್ಳುವ ಒದ್ದೆ ತಟ್ಟೆ, ವೆಟ್ ಪ್ಯಾಲೆಟ್, ಮನೆಯಲ್ಲೇ ಆಗುತ್ತದೆ: ತಗ್ಗಾದ ಮುಚ್ಚಳದ ಡಬ್ಬಿ, ಒಳಗೆ ಒದ್ದೆ ಮಾಡಿದ ಟಿಶ್ಯೂ ಮಡಿಕೆ, ಮೇಲೆ ಬೇಕಿಂಗಿಗೆ ಬಳಸುವ ಕಾಗದ. ಮೇಣದ ಕಾಗದ ಬೇಡ, ಅದು ನೀರನ್ನು ಮೇಲೆ ಬರಲು ಬಿಡುವುದಿಲ್ಲ. ಹೀಗಿಟ್ಟರೆ ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ವ್ಯರ್ಥವೂ ಕಡಿಮೆ.

ಹಚ್ಚುವ ಮೊದಲು ಗೊಂಬೆಯನ್ನು ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆ. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಥ ಜಿಡ್ಡು ಅದರ ಮೇಲಿರಬಹುದು, ಅದಿದ್ದರೆ ಬಣ್ಣ ಹಿಡಿಯುವುದಿಲ್ಲ. ನೀರು ಬಿಸಿಯಾಯಿತೋ, ತೆಳುವಾದ ಕತ್ತಿ ಈಟಿಗಳು ಸೊಟ್ಟಗಾಗುತ್ತವೆ. ಅಚ್ಚಿನ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ. ಬೂದುಬಣ್ಣದ್ದು ನಿನಗೆ ಸುಲಭ.

ಪ್ರೈಮರ್ ಹತ್ತಿರ ಮಾತ್ರ ಸ್ವಲ್ಪ ಜಾಗ್ರತೆ. ನಿನ್ನ ಭಯಕ್ಕೆ ನಿಜವಾದ ಕಾರಣ ಎಲ್ಲಾದರೂ ಇದ್ದರೆ ಅದು ಇಲ್ಲೇ. ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಗೊಂಬೆಯ ಆಚೆಯೇ ಶುರುಮಾಡಿ ಈಚೆ ಮುಗಿಯುವಂತೆ ಸಣ್ಣ ಸಣ್ಣ ಬೀಸಿನಲ್ಲಿ ಹೊಡೆ. ಒಂದೇ ಕಡೆ ನಿಲ್ಲಿಸಿದರೆ ಸುರಿದು ಸಂದಿ ತುಂಬುತ್ತದೆ. ತುಂಬ ದೂರ ಹೋದರೆ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಮಳೆ, ತೇವದ ದಿನ ಹೊಡೆಯಬೇಡ. ಕೊನೆಗೆ ಹಚ್ಚುವ ಸ್ಪ್ರೇ ವಾರ್ನಿಷಿಗೂ ಇದೇ ನಿಯಮ. ತೇವವಿದ್ದರೆ ಮುಗಿದ ಕೆಲಸದ ಮೇಲೆ ಬಿಳಿ ಮಂಜು ಕವಿಯುತ್ತದೆ. ಇದು ಹೆದರಿಕೆಯಾದರೆ ಬ್ರಷ್‌ನಿಂದ ಹಚ್ಚುವ ಪ್ರೈಮರ್ ತಗೊ, ನಿಧಾನವಾದರೂ ಹಿಡಿತ ನಿನ್ನದು.

ಇಷ್ಟಾದರೂ ಕೈ ಹಿಂಜರಿದರೆ ಗೊಂಬೆಯನ್ನು ಮುಟ್ಟಲೇಬೇಡ. ಭಾಗಗಳು ಅಂಟಿಕೊಂಡು ಬಂದ ಪ್ಲಾಸ್ಟಿಕ್ ಚೌಕಟ್ಟು ಇದೆಯಲ್ಲ, ಸ್ಪ್ರೂ, ಅದನ್ನು ಎಸೆಯದೆ ಇಟ್ಟುಕೊ. ಅದಕ್ಕೂ ಪ್ರೈಮರ್ ಹೊಡೆದು ಅದರ ಮೇಲೇ ಬಣ್ಣದ ತೆಳುವು, ವಾಶ್ ಎಲ್ಲ ನೋಡಿಕೊ. ಅದೂ ಅದೇ ಪ್ಲಾಸ್ಟಿಕ್, ಬಣ್ಣ ಅಲ್ಲಿ ಕೂರುವ ಹಾಗೇ ಇಲ್ಲೂ ಕೂರುತ್ತದೆ. ವಾಶ್ ಸಂದಿಗೆ ಇಳಿದು ನೆರಳು ಕೊಡಬೇಕು; ಸಮತಟ್ಟಾದ ಜಾಗದಲ್ಲಿ ನಿಂತರೆ ಒಣಗಿದ ಮೇಲೆ ಅಂಚುಗಟ್ಟಿದ ಕಲೆಯಾಗುತ್ತದೆ. ನಿಂತದ್ದನ್ನು ಒದ್ದೆ ಬ್ರಷ್‌ನಿಂದ ಹೀರಿಕೊ. ಬಳಿಕ ಅರ್ಧ ಗಂಟೆ ಮುಟ್ಟಬೇಡ.

ಕಣ್ಣು ಬರೆಯುವುದನ್ನು ಈಗ ಯೋಚಿಸಲೇಬೇಡ. 28 ಮಿಲಿಮೀಟರಿನ ಗೊಂಬೆಯನ್ನು ಮೇಜಿನ ಮೇಲೆ ಒಂದು ತೋಳಿನಷ್ಟು ದೂರದಿಂದ ನೋಡುತ್ತಾರೆ. ಕಣ್ಣಿನ ಗುಳಿಯಲ್ಲಿ ವಾಶಿನ ನೆರಳಿದ್ದರೆ ಸಾಕು. ಗೊಂಬೆಯನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿ ಹಿಡಿ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ, ಮೊಣಕೈ ಮೇಜಿನ ಮೇಲಿರಲಿ. ಕೈ ತಾನಾಗಿ ನಿಲ್ಲುತ್ತದೆ.

ನಿನಗೆ ಅಷ್ಟು ಪ್ರೀತಿಯಿಲ್ಲದ ಒಬ್ಬ ಸಿಪಾಯಿಯನ್ನು ಮೊದಲು ತೆಗೆ. ನಾಯಕನ ಗೊಂಬೆ ಕಡೆಗಿರಲಿ.

ನಿನ್ನ
ದೊಡ್ಡಪ್ಪ

ಬರೆಯಲು ಮರೆತೆ: ತುದಿ ಚೂಪು ಮಾಡಲು ಬ್ರಷ್ಷನ್ನು ಬಾಯಿಗಿಡಬೇಡ. ಹಲವರು ಮಾಡುತ್ತಾರೆ, ಆದರೆ ಕೆಲವು ಬಣ್ಣಗಳ ಪುಡಿ ದೇಹಕ್ಕೆ ಒಳ್ಳೆಯದಲ್ಲ. ಒದ್ದೆ ಟಿಶ್ಯೂ ಮೇಲೆ ಹೊರಳಿಸಿ ಎಳೆದರೆ ಅದೇ ಚೂಪು ಬರುತ್ತದೆ. ಬೆಳ್ಳಿ ಬಣ್ಣಕ್ಕೆ ಬೇರೆ ನೀರಿನ ಲೋಟ ಇಟ್ಟುಕೊ, ಇಲ್ಲದಿದ್ದರೆ ಅದರ ಮಿನುಗು ಬೇರೆ ಬಣ್ಣಗಳಿಗೆಲ್ಲ ಅಂಟುತ್ತದೆ.