ಕೆಂಬಾವುಟ ಕಾಲುವೆಯ ಹಿಂದಿನ ಕಣಜ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಚೀನಾದ ಲಿನ್‌ಶಿಯನ್ ಕೌಂಟಿಗೆ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಬೆಟ್ಟ ಕಡಿದು ನದಿ ನೀರು ತಂದ ಕೆಂಬಾವುಟ ಕಾಲುವೆಯ ಬಗೆಗಿನ ಲೇಖನ ಓದಿದೆ. ಬೆಟ್ಟ ಕಡಿದವರ ಛಲವನ್ನು ಚೆನ್ನಾಗಿಯೇ ಬಣ್ಣಿಸಲಾಗಿದೆ. ಆದರೆ 1960ರ ಆಸುಪಾಸು ಕ್ಷಾಮದಿಂದ ದೇಶವೇ ಹಸಿದಿದ್ದ ಆ ವರ್ಷಗಳಲ್ಲಿ ಸಾವಿರಾರು ಜನ ಏನು ತಿಂದು ಬಂಡೆ ಒಡೆದರು ಎಂದು ಲೇಖಕರು ಕೇಳಿಯೇ ಇಲ್ಲ. ಲಿನ್‌ಶಿಯನ್ ಕೌಂಟಿಯ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವುದು ಅದೇ.

ಈಗ ಲಿನ್‌ಝೌ ಎನಿಸಿಕೊಂಡಿರುವ ಈ ಕೌಂಟಿ ಇರುವುದು ಹೆನಾನ್ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ತೈಹಾಂಗ್ ಪರ್ವತಗಳ ಮಗ್ಗುಲಲ್ಲಿ. ಮಳೆಯ ಬಹುಪಾಲು ಬೇಸಿಗೆಯ ಕೆಲವೇ ವಾರಗಳಲ್ಲಿ ಸುರಿದು ಮುಗಿಯುತ್ತದೆ. ಸುಣ್ಣಕಲ್ಲಿನ ನೆಲವಾದ್ದರಿಂದ ಬಿದ್ದ ನೀರು ಬಿರುಕುಗಳಲ್ಲಿ ಇಳಿದು ಆಳ ಸೇರುತ್ತದೆ. ಕುಡಿಯುವ ನೀರಿಗೂ ಮೈಲಿಗಟ್ಟಲೆ ನಡೆಯಬೇಕಿತ್ತು. ಕಮ್ಯುನಿಸ್ಟ್ ಪಕ್ಷದ ಕೌಂಟಿ ಕಾರ್ಯದರ್ಶಿ ಯಾಂಗ್ ಗುಯಿ ಮೊದಲು ಕೌಂಟಿಯೊಳಗೇ ಜಲಾಶಯ, ಕಾಲುವೆ ಕಟ್ಟಿಸಿ ನೋಡಿದರು. 1959ರ ಬರಕ್ಕೆ ಹೊಳೆಗಳೇ ಬತ್ತಿದವು. ಆಮೇಲೆ ಪಕ್ಕದ ಶಾನ್ಶಿ ಪ್ರಾಂತ್ಯದ ಒಪ್ಪಿಗೆ ಪಡೆದು ಝಾಂಗ್ ನದಿಯ ನೀರಿಗೆ ಕೈಹಾಕಿದರು.

1960ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಸುಮಾರು 70 ಕಿ.ಮೀ. ಉದ್ದದ ಮುಖ್ಯ ಕಾಲುವೆಗೆ ಇಳಿಜಾರು 8000ಕ್ಕೆ 1, ಅಂದರೆ ಎಂಟು ಕಿ.ಮೀ. ಹರಿದರೆ ಇಳಿಯುವುದು ಒಂದೇ ಮೀಟರ್. ಅಳತೆ ಒಂದಿಷ್ಟು ತಪ್ಪಿದರೂ ನೀರು ಮುಂದಕ್ಕೆ ಹೋಗದು. 616 ಮೀಟರಿನ ‘ಯುವಕರ ಸುರಂಗ’ದಲ್ಲಿ ಒಬ್ಬ ಚಾಣ ಹಿಡಿದು ಕೂತರೆ ಇನ್ನೊಬ್ಬ ಸುತ್ತಿಗೆ ಬೀಸಬೇಕು, ಬೆಣಚುಕಲ್ಲಿನಂಥ ಆ ಬಂಡೆಗೆ ಚಾಣದ ಮೊನೆಯೇ ಮುರಿದುಹೋಗುತ್ತಿತ್ತು. ಆ ವರ್ಷದ ಕೊನೆಗೆ ಕ್ಷಾಮದಿಂದಾಗಿ ಕಾಮಗಾರಿ ನಿಲ್ಲಿಸಬೇಕೆಂಬ ಆದೇಶ ಬಂದಾಗಲೂ ಸುಮಾರು 300 ಯುವಕರು ಸುರಂಗ ಬಿಟ್ಟು ಕದಲಲಿಲ್ಲ. 1961ರ ಜುಲೈನಲ್ಲಿ ಅದು ಆಚೆ ಬದಿಗೆ ತೆರೆದುಕೊಂಡಿತು.

ಇದೇ ಹೆನಾನಿನ ದಕ್ಷಿಣಕ್ಕಿರುವ ಶಿನ್ಯಾಂಗ್‌ನಲ್ಲಿ ಆಗ ಏನಾಗುತ್ತಿತ್ತು? ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಬೆಳೆಯನ್ನು ಲೆಕ್ಕದಲ್ಲಿ ತೋರಿಸಿದರು, ಸರ್ಕಾರ ಆ ಸುಳ್ಳು ಲೆಕ್ಕದ ಮೇಲೆಯೇ ಧಾನ್ಯ ವಸೂಲಿ ಮಾಡಿತು, ಲಕ್ಷಗಟ್ಟಲೆ ರೈತರು ಹಸಿವಿನಿಂದ ಸತ್ತರು. ಲಿನ್‌ಶಿಯನ್ ಆ ಮಟ್ಟಿಗೆ ಸುಳ್ಳು ಲೆಕ್ಕ ಬರೆಯಲಿಲ್ಲ. ಹಾಗಾಗಿ ಅಲ್ಲಿನ ಕಣಜದಲ್ಲಿ ಕಾಳು ಉಳಿದಿತ್ತು. ಅದೂ ಸಾಲದೆ ಕೆಲಸಗಾರರು ಕಾಡುಸೊಪ್ಪು ಬೇಯಿಸಿಕೊಂಡು ಹೊಟ್ಟೆ ತುಂಬಿಸಿಕೊಂಡರು ಅನ್ನಿ. ಬರೀ ಘೋಷಣೆಯಿಂದ ಬಂಡೆ ಒಡೆಯುವುದಾಗಿದ್ದರೆ ಘೋಷಣೆಗೆ ಶಿನ್ಯಾಂಗ್‌ನಲ್ಲೇನು ಬರವಿತ್ತೇ?

1965ರ ಏಪ್ರಿಲ್‌ನಲ್ಲಿ ಮುಖ್ಯ ಕಾಲುವೆಗೆ ನೀರು ಬಂತು, 1969ರಲ್ಲಿ ಕವಲು ಕಾಲುವೆಗಳೂ ಮುಗಿದವು. ಅಷ್ಟರಲ್ಲಿ ಕಾಮಗಾರಿಯಲ್ಲಿ ಸತ್ತವರು ಸರ್ಕಾರಿ ಲೆಕ್ಕದಂತೆ 81 ಮಂದಿ. ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ. ಝಾಂಗ್ ನೀರಿಗಾಗಿ ನೆರೆಹೊರೆಯವರ ಜಗಳ ಬೆಳೆದು 1992ರಲ್ಲಿ ಈ ಕಾಲುವೆಯನ್ನೇ ಸಿಡಿಮದ್ದಿಟ್ಟು ಒಡೆದದ್ದೂ ಇಲ್ಲ.

ಲೇಖನದ ಮುಂದಿನ ಕಂತು ಬರುವುದಾದರೆ ಶಿನ್ಯಾಂಗ್‌ಗೂ ಜಾಗ ಕೊಡಿ. ಜೊತೆಗೊಂದು ನಕ್ಷೆಯನ್ನೂ ಹಾಕಿ. ಯಾವ ನದಿ, ಯಾವ ಪ್ರಾಂತ್ಯ ಎಲ್ಲಿದೆ ಎಂದು ತಿಳಿಯದೆ ಓದುಗರು ತಡಕಾಡುವಂತಾಗಿದೆ.

— ನಿವೃತ್ತ ಭೂಗೋಳ ಶಿಕ್ಷಕ, ಹೊಸದುರ್ಗ